ಭೀಮನ ಮೀಸೆ

ಹೋದ ವರ್ಷ ಕುರುಗೋಡಿನ ದೊಡ್ಡ ಬಸವೇಶ್ವರ ಜಾತ್ರೆಗೆ ಹೋಗಿದ್ದೆ. ಕುರುಗೋಡು ನನ್ನ ತವರು. ಅವ್ವ ಇಲ್ಲವಾದ ಮೇಲೂ ತೇರಿಗೆ ಹೋಗುವುದನ್ನು ಬಿಟ್ಟಿಲ್ಲ. ಒಗ್ಗರಣೆ-ಮಿರ್ಚಿ ಅಂಗಡಿಯ ಮುಂದೆ ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿನಿಂದ "ಟೀಚರ್ರೇ" ಎಂಬ ದನಿ ಕೇಳಿಸಿತು. ಮೇಷ್ಟ್ರುಗಳಾದವರಿಗೆ ಇದೊಂದು ಶಿಕ್ಷೆ ನೋಡಿ. ಬಾಯ ತುಂಬ ಬಜ್ಜಿ ಇರುವಾಗಲೇ ಹಳೆಯ ವಿದ್ಯಾರ್ಥಿಗಳು ಎದುರಾಗುತ್ತಾರೆ. ತಿರುಗಿ ನೋಡಿದರೆ ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡ ಹೆಂಗಸು.

"ಗುರ್ತು ಸಿಗ್ಲಿಲ್ಲೇನ್ರೀ? ಸಿರುಗುಪ್ಪದಾಗ ನಿಮ್ಮ ಕೈಯಾಗ ಒಂಬತ್ತನೇ ಕ್ಲಾಸ್ ಓದೀನ್ರೀ."

ಗುರುತು ಸಿಕ್ಕಿತು. ಕೊನೆಯ ಬೆಂಚಿನಲ್ಲಿ ಕಿಟಕಿಗೆ ಒತ್ತಿ ಕೂರುತ್ತಿದ್ದ ಹುಡುಗಿ. ಎಷ್ಟು ಮಕ್ಕಳು, ಯಜಮಾನರು ಏನು ಮಾಡುತ್ತಾರೆ ಎಂಬ ಮಾತುಗಳೆಲ್ಲ ಮುಗಿದವು. ಹೋಗುವಾಗ ಆಕೆ ಸಂಕೋಚದಿಂದ ಕೇಳಿದಳು: "ಟೀಚರ್ರೇ, ನನ್ನ ಒಂದು ನೋಟ್‌ಬುಕ್ಕು ನಿಮ್ಮತ್ರನೇ ಉಳದಿತ್ತು. ಐತೇನ್ರೀ ಇನ್ನ?"

ಇಪ್ಪತ್ತು ವರ್ಷದ ಹಿಂದಿನ ನೋಟ್‌ಬುಕ್ಕು! ಆದರೆ ನಾನು ಏನನ್ನೂ ಎಸೆಯುವವಳಲ್ಲ. ಇದಕ್ಕಾಗಿ ಮನೆಯವರಿಂದ ಬೈಸಿಕೊಳ್ಳುವುದೂ ಹೊಸದಲ್ಲ. ಬಳ್ಳಾರಿಗೆ ಬಂದವಳೇ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆ. ಹಳೆಯ ಟೀಚಿಂಗ್ ನೋಟ್ಸು, ಸುಧಾ, ತರಂಗದಿಂದ ಕತ್ತರಿಸಿಟ್ಟ ಧಾರಾವಾಹಿಗಳು, ಇವುಗಳ ನಡುವೆ ಅದು ಸಿಕ್ಕಿತು. ಇನ್ನೂರು ಪುಟದ ನೋಟ್‌ಬುಕ್ಕು. ಮೊದಲ ಪುಟದಲ್ಲಿ ದುಂಡು ಅಕ್ಷರದಲ್ಲಿ 'ಶರಪಂಜರ - ಮುಂದಿನ ಭಾಗ' ಎಂದಿತ್ತು. ಅದರ ಮೇಲೆ ಅಡ್ಡಲಾಗಿ ನನ್ನ ಕೆಂಪು ಅಕ್ಷರ: 'ಇದು ನಕಲು. ಸ್ವಂತ ಬುದ್ಧಿಯಿಂದ ಬರಿ.'

ಆ ಎರಡು ವಾಕ್ಯ ನನ್ನನ್ನು ಕೆಲವು ದಿನ ಕಾಡಿತು. ಬೇರೆಯವರು ಕಟ್ಟಿದ ಕಥೆಯೊಳಗೆ ಹೊಕ್ಕು ಇನ್ನೊಂದು ಕಥೆ ಬರೆಯುವುದು ನಕಲೇ? ಈಗ ಇದಕ್ಕೊಂದು ಹೆಸರೇ ಇದೆ, 'ಫ್ಯಾನ್ ಫಿಕ್ಷನ್' ಎಂದು ಎಂ.ಎ. ಇಂಗ್ಲಿಷ್ ಓದಿದ ನನ್ನ ಮಗಳು ಹೇಳಿದಳು. ಅಭಿಮಾನಿಗಳ ಕಥೆ. ಅಮೆರಿಕದಲ್ಲಿ 1960ರ ದಶಕದಲ್ಲಿ 'ಸ್ಟಾರ್ ಟ್ರೆಕ್' ಎಂಬ ಟಿ.ವಿ. ಧಾರಾವಾಹಿಯನ್ನು ಮೆಚ್ಚಿದವರು, ಅವರಲ್ಲಿ ಹೆಂಗಸರೇ ಹೆಚ್ಚು, ಅದೇ ಪಾತ್ರಗಳನ್ನಿಟ್ಟುಕೊಂಡು ತಾವೇ ಕಥೆ ಬರೆದು ಸಣ್ಣ ಪತ್ರಿಕೆಗಳಾಗಿ ಅಚ್ಚು ಹಾಕಿ ಹಂಚಿಕೊಂಡರು. ಮಗಳು ಇದನ್ನು ಹೊಸ ಸಂಗತಿ ಎಂಬಂತೆ ಹೇಳಿದಾಗ ನನಗೆ ನಗು ಬಂತು. ಕುರುಗೋಡಿನಲ್ಲಿ ಹುಟ್ಟಿದವಳಿಗೆ ಇದು ಹೊಸದೇ? ನಮ್ಮೂರಿನ ದೊಡ್ಡಾಟ ಮತ್ತೇನು?

ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಆಟದ ತಾಲೀಮು ಶುರುವಾಗುತ್ತಿತ್ತು. ಹಗಲು ಎತ್ತು ಹೊಡೆಯುವವನು ರಾತ್ರಿ ಭೀಮ. ಭುಜಕೀರ್ತಿ ಕಟ್ಟಿ, ಕಿರೀಟ ಇಟ್ಟು, ಅಟ್ಟದ ಹಲಗೆ ಮುರಿಯುವ ಹಾಗೆ ಹೆಜ್ಜೆ ಹಾಕುತ್ತ ಬಂದರೆ ಸಾರಥಿ ಅಡ್ಡಗಟ್ಟಿ ನೀವು ಯಾರು, ಯಾವ ದೇಶದವರು ಎಂದು ವಿಚಾರಿಸುತ್ತಿದ್ದ. ವೇಷ ಹಾಕಿದವನು ತಾನು ಯಾರೆಂದು ರುಜುವಾತು ಮಾಡಬೇಕು. ಈ ಸಾರಥಿಯ ಪ್ರಶ್ನೆ ಎಷ್ಟು ದೊಡ್ಡ ವಿಮರ್ಶೆ ಎಂದು ನನಗೆ ಹೊಳೆದದ್ದು ಇತ್ತೀಚೆಗೆ.

ನಮ್ಮ ಅವ್ವ ಅಕ್ಷರ ಕಲಿತವಳಲ್ಲ. ಆದರೆ ಆಟ ನೋಡುವುದರಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ನಮ್ಮ ಓಣಿಯಲ್ಲಿರಲಿಲ್ಲ. ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕೂತು ಬೆಳಗಿನವರೆಗೆ ರೆಪ್ಪೆ ಮುಚ್ಚುತ್ತಿರಲಿಲ್ಲ. ಒಂದು ಸಲ ಯಾರೋ ದೊಡ್ಡ ಗಂಟಲಿನವನು ಭೀಮನಾಗಿ ಬಂದು, ಅಲ್ಲಿ ಇಲ್ಲದ ಮಾತು ಸೇರಿಸಿ, ದುಶ್ಶಾಸನನನ್ನು ಸಿನಿಮಾ ಖಳನನ್ನು ಬೈದ ಹಾಗೆ ಬೈದು ಚಪ್ಪಾಳೆ ಗಿಟ್ಟಿಸಿದ. ಅವ್ವ ಎಲೆಯಡಿಕೆ ಉಗುಳಿ ಅಂದಳು: "ಇಂವೇನು ಭೀಮ ಅಲ್ಲ ಬಿಡು. ಬರೇ ಭೀಮನ ಮೀಸಿ."

ಹಾಗೆಂದು ಅವ್ವ ಹೊಸ ಮಾತು ಸೇರಿಸಬಾರದು ಎನ್ನುವವಳಲ್ಲ. ಅದೇ ಆಟದಲ್ಲಿ ದ್ರೌಪದಿ (ಪಾತ್ರ ಮಾಡಿದವನು ಗಂಡಸೇ) ಸಭೆಗೆ ಎಳೆತಂದಾಗ ಧರ್ಮರಾಯನ ಕಡೆ ತಿರುಗಿ, ಎತ್ತು ಮಾರುವಾಗಲೂ ಮನೆಯ ಹೆಂಗಸನ್ನು ಒಂದು ಮಾತು ಕೇಳುತ್ತಾರೆ, ನನ್ನನ್ನು ಕೇಳಿದೆಯಾ ಎಂದಳು. ಯಾವ ಭಾರತದಲ್ಲೂ ಈ ಎತ್ತು ಇಲ್ಲ. ಮಾಸ್ತರನೋ ಪಾತ್ರಧಾರಿಯೋ ಅಲ್ಲೇ ಹುಟ್ಟಿಸಿದ ಮಾತು. ಆದರೆ ಹೆಂಗಸರ ಸಾಲಿನಲ್ಲಿ ಗಾಳಿ ನಿಂತ ಹಾಗಾಯಿತು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು "ಹೌದು, ಅಕಿ ಹಂಗ ಕೇಳಿರ್ಬೇಕು" ಎಂದಳು. ವ್ಯಾಸರ ದ್ರೌಪದಿಯೂ ಸಭೆಯಲ್ಲಿ ಪ್ರಶ್ನೆಯನ್ನೇ ಕೇಳಿದವಳು: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು. ಕುರುಗೋಡಿನ ಎತ್ತು ಆ ಪ್ರಶ್ನೆಯ ದಾರಿಯಲ್ಲೇ ನಡೆದುಬಂದದ್ದು. ಹೊಸ ಮಾತು, ಆದರೆ ಹಳೆಯ ಬಾಯಿ.

'ಅಕಿ ಹಂಗ ಕೇಳಿರ್ಬೇಕು', 'ಬರೇ ಭೀಮನ ಮೀಸಿ'. ಬಿ.ಇಡ್. ಓದುವಾಗ ನನಗೆ ಕಲಿಸಿದ ಯಾವ ಮೌಲ್ಯಮಾಪನವೂ ಈ ಎರಡರಷ್ಟು ಕೆಲಸಕ್ಕೆ ಬಂದಿಲ್ಲ. ಎರವಲು ಕಥೆಯನ್ನು ಓದುವಾಗಲೆಲ್ಲ ಇವನ್ನೇ ತಕ್ಕಡಿಯಾಗಿ ಇಟ್ಟುಕೊಂಡಿದ್ದೇನೆ.

ಕನ್ನಡದ ದೊಡ್ಡವರೇ ಎರವಲು ತಂದವರು. 941ರ ಸುಮಾರಿನ ಪಂಪನನ್ನೇ ನೋಡಿ. 'ವಿಕ್ರಮಾರ್ಜುನ ವಿಜಯ'ದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿಬಿಟ್ಟ. ಅಭಿಮಾನಿಯ ಕಥೆ ಎಂದರೆ ಇದಕ್ಕಿಂತ ಬೇಕೇ? ಒಡೆಯನ ಮರ್ಯಾದೆಗೆ ತಕ್ಕ ಹಾಗೆ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಗೆ ಪಟ್ಟವೂ ಅರ್ಜುನನಿಗೇ. ಪಕ್ಕದಲ್ಲಿ ಕೂತವಳು ಸುಭದ್ರೆ. ಓದುವಾಗ ನನಗೆ ಇಲ್ಲಿ ಗಂಟಲಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತದೆ. ಐವರ ಹೆಂಡತಿಯಲ್ಲದಿದ್ದರೆ ಜೂಜಿನ ಹೊತ್ತಿನಲ್ಲಿ ಧರ್ಮರಾಯನಿಗೆ ಅವಳ ಮೇಲೆ ಏನು ಹಕ್ಕು? ಮುಡಿ ಕಟ್ಟುವುದಕ್ಕೆ ಭೀಮನೇ ಏಕೆ ಬೇಕು? ಅಷ್ಟೆಲ್ಲ ಅವಮಾನ ನುಂಗಿದವಳಿಗೆ ಕೊನೆಯಲ್ಲಿ ಪೀಠವೂ ಇಲ್ಲವೇ? ಇಲ್ಲೆಲ್ಲ ಮಹಾಕವಿಯ ಕೈಯಲ್ಲೂ ನನಗೆ ಮೀಸೆ ಮಾತ್ರ ಕಾಣುತ್ತದೆ. (ಪಂಡಿತರು ಕ್ಷಮಿಸಬೇಕು. ಹಳಗನ್ನಡವನ್ನು ನಾನು ಅರ್ಥ ಹೇಳುವ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಓದಿದವಳು.) ಆದರೆ ಅದೇ ಪಂಪ ಕರ್ಣನ ಹತ್ತಿರ ಬಂದಾಗ ಒಡೆಯನನ್ನು ಮರೆತುಬಿಡುತ್ತಾನೆ. ಒಡೆಯನೇ ಅರ್ಜುನನಾಗಿರುವಾಗ ಅರ್ಜುನನ ಶತ್ರುವನ್ನು ಮನಸಾರೆ ಹೊಗಳುವುದು ಸುಲಭದ ಮಾತಲ್ಲ. ಅಲ್ಲಿ ಪಂಪ ಯಾರಿಗೂ ಏನನ್ನೂ ಕೊಡಿಸುತ್ತಿಲ್ಲ. ಕರ್ಣನನ್ನು ಸುಮ್ಮನೆ ನೋಡುತ್ತಿದ್ದಾನೆ. ಒಂದೇ ಕಾವ್ಯದಲ್ಲಿ ಎರಡೂ ಇವೆ.

ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' 1949ರಲ್ಲಿ ಬಂತು, 1967ರ ಜ್ಞಾನಪೀಠ ತಂದಿತು. ಅದರಲ್ಲಿ ಮಂಥರೆಯನ್ನು ಕುರಿತ ಭಾಗವನ್ನು ನಾನು ಹತ್ತನೇ ತರಗತಿಯ ಹುಡುಗಿಯರಿಗೆ ಕಥೆಯಾಗಿ ಹೇಳುತ್ತೇನೆ. ನಮಗೆಲ್ಲ ಗೊತ್ತಿದ್ದ ಗೂನುಬೆನ್ನಿನ ಕೆಟ್ಟ ಮುದುಕಿ ಇಲ್ಲಿ ಕೈಕೆಯನ್ನು ಸಾಕಿದ ಜೀವ. ಆ ಮಮತೆ ಕುರುಡಾಗಿ ಊರು ಹಾಳುಮಾಡುತ್ತದೆ. ಗಮನಿಸಿ, ಕುವೆಂಪು ಅವಳನ್ನು ಒಳ್ಳೆಯವಳು ಮಾಡಲಿಲ್ಲ. ಅವಳು ಮಾಡಿದ್ದನ್ನು ಮಾಡಿಯೇ ತೀರುತ್ತಾಳೆ, ರಾಮ ಕಾಡಿಗೆ ಹೋಗಿಯೇ ಹೋಗುತ್ತಾನೆ. ಆದರೆ ಇದನ್ನು ಓದಿದ ಮೇಲೆ ವಾಲ್ಮೀಕಿಯ ಮಂಥರೆಯನ್ನು ಮೊದಲಿನ ಕಣ್ಣಿನಿಂದ ನೋಡಲಾಗುವುದಿಲ್ಲ. ಒಂದು ಸಲ ಈ ಪಾಠ ಮುಗಿದ ಮೇಲೆ ಹುಡುಗಿಯೊಬ್ಬಳು "ನಮ್ಮ ಅಜ್ಜಿನೂ ಹಿಂಗ್ರೀ ಟೀಚರ್, ನಮ್ಮತ್ತಿ ಮ್ಯಾಗಿನ ಪ್ರೀತಿಗೆ ನಮ್ಮವ್ವನ ಕೂಡ ಜಗಳ ತಗೀತಾಳ" ಎಂದಳು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ.

ಎರವಲು ಕಥೆಯ ಕೆಟ್ಟ ಮಾದರಿಗೆ ಬೇರೆಯವರನ್ನು ಏಕೆ ಹುಡುಕಲಿ, ನನ್ನ ಕೈಬರಹವೇ ಇದೆ. ಬಳ್ಳಾರಿಯಲ್ಲಿ ಬಿ.ಎ. ಓದುವಾಗ ನಾವು ನಾಲ್ವರು ಗೆಳತಿಯರು ಟಾಕೀಸಿಗೆ ಮತ್ತೆ ಬಂದಿದ್ದ 'ನಾಗರಹಾವು' ನೋಡಿದೆವು. 1972ರ ಚಿತ್ರ, ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು ಮಾಡಿದ್ದು. ರಾಮಾಚಾರಿ ಬೆಟ್ಟದಿಂದ ಬಿದ್ದದ್ದನ್ನು ಸಹಿಸಲಾರದೆ ಆ ರಾತ್ರಿಯೇ ನಾನು ಕಥೆ ತಿದ್ದಿದೆ. ನನ್ನ ಕಥೆಯಲ್ಲಿ ಅವನು ಬೀಳುವುದಿಲ್ಲ. ಬಳ್ಳಾರಿಯಿಂದ ದುರ್ಗ ನೋಡಲು ಬಂದ ಒಬ್ಬ ಕಾಲೇಜು ಹುಡುಗಿ (ಎರಡು ಜಡೆ, ಗೋಧಿ ಬಣ್ಣ, ಚೂಟಿ!) ಅವನ ಕೈ ಹಿಡಿದು ಎಳೆಯುತ್ತಾಳೆ. ಅವನ ಸಿಟ್ಟು ಅವಳನ್ನು ಕಂಡ ಕೂಡಲೇ ಇಳಿದುಹೋಗುತ್ತದೆ. ಅಲಮೇಲು, ಮಾರ್ಗರೆಟ್ ಇಬ್ಬರನ್ನೂ ನಾನು ಎರಡು ಸಾಲಿನಲ್ಲಿ ಮುಗಿಸಿದ್ದೆ; ಚಾಮಯ್ಯ ಮೇಷ್ಟ್ರು ಬಂದು ಅಕ್ಷತೆ ಹಾಕುತ್ತಾರೆ. ಗೆಳತಿಯರು ಕಿತ್ತಾಡಿ ಓದಿದರು. ಅವರ ತಕರಾರು ಒಂದೇ: ಹುಡುಗಿಗೆ ತಮ್ಮ ಹೆಸರು ಏಕಿಟ್ಟಿಲ್ಲ ಎಂದು.

ಸಿಟ್ಟು ಇಲ್ಲದ ರಾಮಾಚಾರಿ ರಾಮಾಚಾರಿಯೇ ಅಲ್ಲ. ನಾನು ಅವನನ್ನು ಉಳಿಸಲಿಲ್ಲ, ಬೇರೊಬ್ಬನನ್ನು ಮದುವೆಯಾದೆ, ಅಷ್ಟೇ. ಆ ವಯಸ್ಸಿನಲ್ಲಿ ಇದರಿಂದ ಯಾರಿಗೂ ಕೇಡಾಗಲಿಲ್ಲ ಎನ್ನಿ. ಆದರೆ ಓದಿದವರಿಗೂ ಏನೂ ಸಿಗಲಿಲ್ಲ. ಮೂಲದಲ್ಲಿ ನೋಯುತ್ತಿದ್ದ ಜಾಗಕ್ಕೆ ಪಟ್ಟಿ ಹಚ್ಚಿಬಿಟ್ಟಿದ್ದೆ. ಪಟ್ಟಿಯ ಕೆಳಗೆ ಏನಿತ್ತು ಎಂದು ನೋಡುವ ಮನಸ್ಸು ನನಗೂ ಇರಲಿಲ್ಲ, ಗೆಳತಿಯರಿಗೂ ಬರಲಿಲ್ಲ.

ಈಗ ನಮ್ಮ ಹುಡುಗಿಯರು ಮೊಬೈಲಿನಲ್ಲಿ ಕಂತು ಕಂತಾಗಿ ಓದುವ ಕಥೆಗಳಲ್ಲಿ ಕೆಲವನ್ನು ನಾನೂ ಓದಿದೆ. ಧಾರಾವಾಹಿಯ ನಾಯಕ-ನಾಯಕಿಯ ಹೆಸರನ್ನೇ ಇಟ್ಟುಕೊಂಡು ಬರೆದವು. ಎಲ್ಲವೂ ಕೆಟ್ಟವೆಂದು ಹೇಳಲಾರೆ. ಅತ್ತೆಯ ಕಡೆಯಿಂದ ಕಥೆ ಹೇಳಿದ ಒಂದನ್ನು ರಾತ್ರಿ ಹನ್ನೊಂದರವರೆಗೆ ಓದಿ ಬೆಳಿಗ್ಗೆ ತಡವಾಗಿ ಎದ್ದೆ. ಆದರೆ ಇನ್ನು ಕೆಲವುಗಳಲ್ಲಿ ಗಂಡ ಎರಡನೆಯ ಕಂತಿನಲ್ಲಿ ಹೊಡೆಯುತ್ತಾನೆ, ಏಳನೆಯ ಕಂತಿನಲ್ಲಿ ಅವನಷ್ಟು ಪ್ರೀತಿಸುವವರಿಲ್ಲ. ನಡುವಿನ ನಾಲ್ಕು ಕಂತುಗಳಲ್ಲಿ ಅವಳಿಗೆ ಏನಾಯಿತು? ಬಾಸುಂಡೆ ಯಾವಾಗ ಮಾಯಿತು? ಯಾರೂ ಕೇಳುವುದಿಲ್ಲ. ಇದನ್ನು ನಾನು ಸಣ್ಣ ತಪ್ಪು ಎಂದು ಬಿಡಲಾರೆ. ಹದಿನಾರರ ಹುಡುಗಿ ಇದನ್ನು ದಿನಕ್ಕೊಂದರಂತೆ ಓದಿದರೆ, ಮುಂದೆ ನಿಜವಾಗಿ ಕೈ ಎತ್ತಿದವನ ಮುಂದೆ ಏಳನೆಯ ಕಂತಿಗಾಗಿ ಕಾಯುತ್ತ ಕೂರಬಹುದು. ಇನ್ನು, ಬದುಕಿರುವ ನಟನಟಿಯರ ಹೆಸರಿಟ್ಟು ಅವರ ಮನೆಯ ಸಂಸಾರ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಕಾದಂಬರಿಯ ಪಾತ್ರಕ್ಕೆ ನಾಳೆ ಎದ್ದು ಬೀದಿಯಲ್ಲಿ ನಡೆಯಬೇಕಾಗಿಲ್ಲ, ಇವರಿಗೆ ನಡೆಯಬೇಕಾಗಿದೆ.

ಈಗ ನೋಟ್‌ಬುಕ್ಕಿಗೆ ಬರುತ್ತೇನೆ.

ತ್ರಿವೇಣಿಯವರ 'ಶರಪಂಜರ'ವನ್ನು ಓದದ ಸೋದರಿಯರೂ 1971ರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿರುತ್ತೀರಿ. ಹೆರಿಗೆಯ ನಂತರ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಯಿಂದ ಅವಳು ಗುಣವಾಗಿ ಬರುತ್ತಾಳೆ, ಆದರೆ ಮನೆ ಗುಣವಾಗಿರುವುದಿಲ್ಲ. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡ ಸತೀಶನ ಗುಟ್ಟು ತಿಳಿದ ಮೇಲೆ ಅವಳು ಮತ್ತೆ ಆ ಕತ್ತಲಿಗೇ ಹೋಗುತ್ತಾಳೆ. ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಆ ಸಣ್ಣ ವಯಸ್ಸಿನಲ್ಲಿ ಅವರು ಕಂಡದ್ದನ್ನು ಇಂದಿಗೂ ನಮ್ಮ ಎಷ್ಟೋ ಮನೆಗಳು ಕಂಡಿಲ್ಲ.

ಹುಡುಗಿಯ ಕಥೆ ಶುರುವಾಗುವುದು ನನ್ನ ರಾಮಾಚಾರಿಯ ಹಾಗೆಯೇ. ಸತೀಶ ಆಸ್ಪತ್ರೆಗೆ ಓಡಿಬಂದು ಕಾಲಿಗೆ ಬೀಳುತ್ತಾನೆ. ಕಾವೇರಿ ಒಂದೇ ಸಾಲಿನಲ್ಲಿ ಕ್ಷಮಿಸುತ್ತಾಳೆ. ಬಳ್ಳಾರಿಯ ಒಂದು ಶಾಲೆಯಲ್ಲಿ ಅವಳಿಗೆ ಟೀಚರ್ ಕೆಲಸವೂ ಸಿಗುತ್ತದೆ (ಬಿ.ಇಡ್. ಇಲ್ಲದೆ!). ಹತ್ತು ಪುಟದವರೆಗೆ ನನ್ನ ಕೆಂಪು ಪೆನ್ನು ಓಡಾಡಿದೆ. ಒತ್ತಕ್ಷರ ತಿದ್ದಿದೆ, ಪೂರ್ಣವಿರಾಮ ಹಾಕಿದೆ.

ಹದಿನೆಂಟನೆಯ ಪುಟದಲ್ಲಿ ಹುಡುಗಿ ಇದನ್ನೆಲ್ಲ ಕೈಬಿಡುತ್ತಾಳೆ. 'ಅದು ಕಾವೇರಿ ಕಂಡ ಕನಸು' ಎಂದು ಬರೆದು ಮತ್ತೆ ಆಸ್ಪತ್ರೆಯಿಂದಲೇ ಶುರುಮಾಡುತ್ತಾಳೆ. ಈಗ ಸತೀಶ ಬರುವುದಿಲ್ಲ. ಯಾರೂ ಬರುವುದಿಲ್ಲ. ಪಕ್ಕದ ಮಂಚದಲ್ಲಿ ಒಬ್ಬ ರೈತರ ಮನೆಯ ಹೆಂಗಸು ಇದ್ದಾಳೆ; ಅವಳನ್ನು ನೋಡಲು ಪ್ರತಿ ಭಾನುವಾರ ಅವಳ ಮಗಳು ಬಸ್ಸಿನಲ್ಲಿ ಬರುತ್ತಾಳೆ. ಡಬ್ಬಿಯಲ್ಲಿ ಜೋಳದ ರೊಟ್ಟಿ ತರುತ್ತಾಳೆ. ತಾಯಿ ಮಗಳ ಗುರುತು ಹಿಡಿಯುವುದು ಕೆಲವು ಭಾನುವಾರ ಮಾತ್ರ. ಗುರುತು ಹಿಡಿಯದ ದಿನ ಹುಡುಗಿ ಎಲ್ಲಿ ಕೂರಬೇಕೆಂದು ತಿಳಿಯದೆ ಎರಡು ಮಂಚದ ನಡುವೆ ನಿಲ್ಲುತ್ತಾಳೆ. ಆಗ ಕಾವೇರಿ ಕರೆದು, ಅವಳ ಜಡೆ ಬಿಚ್ಚಿ, ಎಣ್ಣೆಯಿಲ್ಲದ ಕೂದಲನ್ನು ಬೆರಳಿನಿಂದಲೇ ಬಾಚಿ ಮತ್ತೆ ಹೆಣೆಯುತ್ತಾಳೆ. ಬಾಚಣಿಗೆ ಕೇಳಿದರೆ ನರ್ಸು ಕೊಡುವುದಿಲ್ಲ. ಹೆಣೆಯುತ್ತ ಕಾವೇರಿ ಕೇಳುತ್ತಾಳೆ, ನಿಮ್ಮ ಮನೆಯಲ್ಲಿ ನಿನ್ನ ತಾಯಿಯ ಸೀರೆಗಳನ್ನು ಇನ್ನೂ ಇಟ್ಟಿದ್ದಾರಾ, ಯಾರಿಗಾದರೂ ಕೊಟ್ಟರಾ?

ಈ ಪ್ರಶ್ನೆಯನ್ನು ಓದಿ ನೋಟ್‌ಬುಕ್ಕು ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಕಾವೇರಿ ಹಾಗೆಯೇ ಕೇಳಿರಬೇಕು. ಮನೆಯವರು ತನ್ನನ್ನು ಲೆಕ್ಕದಿಂದ ತೆಗೆದರೋ ಇಲ್ಲವೋ ಎಂದು ತಿಳಿಯಲು ಒಬ್ಬ ಗೃಹಿಣಿ ಕೇಳಬಹುದಾದದ್ದು ಸೀರೆಯನ್ನೇ. ಇದು ತ್ರಿವೇಣಿಯವರ ಸಾಲಲ್ಲ. ಆದರೆ ತ್ರಿವೇಣಿಯವರ ಕಾವೇರಿಯ ಸಾಲು.

ಮಗಳು ಇಂಗ್ಲಿಷಿನ ಒಂದು ಉದಾಹರಣೆ ಹೇಳಿದಳು. 1847ರ 'ಜೇನ್ ಏರ್' ಕಾದಂಬರಿಯಲ್ಲಿ ಮಹಡಿಯ ಮೇಲೆ ಕೂಡಿಹಾಕಿದ ಹುಚ್ಚು ಹೆಂಡತಿಯೊಬ್ಬಳಿದ್ದಾಳೆ. ಅವಳ ಕಿರುಚಾಟ ಕೇಳುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. 1966ರಲ್ಲಿ ಜೀನ್ ರೈಸ್ ಎಂಬಾಕೆ 'ವೈಡ್ ಸರ್ಗಾಸೊ ಸೀ' ಎಂಬ ಕಾದಂಬರಿಯಲ್ಲಿ ಆ ಹೆಂಡತಿಗೆ ಬಾಲ್ಯವನ್ನೂ ಊರನ್ನೂ ಮಾತನ್ನೂ ಕೊಟ್ಟಳು. ಅವಳನ್ನು ಬಿಡಿಸಿಕೊಂಡು ಹೋಗಿ ಸುಖವಾಗಿಡಲಿಲ್ಲ. ಅದನ್ನು ಲೋಕವೆಲ್ಲ ಓದುತ್ತದೆ, ಎಂ.ಎ.ಗೂ ಪಾಠವಾಗಿದೆ. ಸಿರುಗುಪ್ಪದ ಒಂಬತ್ತನೇ ತರಗತಿಯದ್ದು ಮಾತ್ರ ನಕಲು!

ನನ್ನ ಕಥೆಯೊಳಗೂ ಬಳ್ಳಾರಿಯ ಹುಡುಗಿ ಹೊಕ್ಕಿದ್ದಳು, ಈ ಕಥೆಯೊಳಗೂ ಒಬ್ಬ ಹುಡುಗಿ ಬಸ್ಸು ಹತ್ತಿ ಬಂದಿದ್ದಾಳೆ. ಬರೆಯುವವಳು ತನ್ನನ್ನೇ ಒಳಗೆ ತುರುಕಿಕೊಂಡರೆ ಕಥೆ ಕೆಡುತ್ತದೆ ಎಂದು ನಂಬಿಕೊಂಡಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಬರುತ್ತಿಲ್ಲ. ನನ್ನ ಹುಡುಗಿ ಬಂದದ್ದು ಕೈ ಹಿಡಿಸಿಕೊಳ್ಳಲು. ಎಲ್ಲರೂ ಅವಳಿಗೆ ದಾರಿ ಬಿಟ್ಟುಕೊಡಬೇಕಿತ್ತು. ಇವಳು ಎರಡು ಮಂಚದ ನಡುವೆ ನಿಂತವಳು. ಕಥೆಯಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ಹಾಗೆ ನಿಂತುಕೊಳ್ಳುವುದು ಹೇಗೆಂದು ಈ ಹುಡುಗಿಗೆ ಯಾರು ಕಲಿಸಿದರು?

ಉತ್ತರ ಆಗಲೇ ಸ್ಟಾಫ್ ರೂಮಿನಲ್ಲಿ ನನ್ನ ಕಿವಿಗೆ ಬಿದ್ದಿತ್ತು. ಅವಳ ತಾಯಿಗೆ ಆರಾಮಿಲ್ಲ, ಊರಲ್ಲಿ ಏನೇನೋ ಅನ್ನುತ್ತಾರೆ, ಬಳ್ಳಾರಿಗೆ ತೋರಿಸುತ್ತಿದ್ದಾರೆ ಎಂದು. ಕೇಳಿ ಪಾಪ ಎಂದು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋಗಿದ್ದೆ. ಸೋಮವಾರ ಅವಳು ತೂಕಡಿಸಿದರೆ ಎದ್ದು ನಿಲ್ಲಿಸುತ್ತಿದ್ದೆ.

ಹೋದ ತಿಂಗಳು ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆ. ಅಕ್ಕಿ ಗಿರಣಿಗಳ ಓಣಿಯ ಹಿಂದೆ ಅವಳ ಮನೆ. ಗಂಡ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ಚಾಪೆ ಹಾಸಿ ಕೂರಿಸಿದಳು. ನೋಟ್‌ಬುಕ್ಕು ತೆಗೆದುಕೊಟ್ಟಾಗ ಮೊದಲ ಪುಟದ ಕೆಂಪು ಅಕ್ಷರ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಮೆಲ್ಲಗೆ ಪುಟ ತಿರುವುತ್ತ ಹೋದಳು. ಭಾನುವಾರದ ಪುಟಗಳಿಗೆ ಬಂದು ನಿಂತಳು.

"ಇಲ್ಲಿ ನೀವೇನೂ ತಿದ್ದಿಲ್ಲಲ್ರೀ ಟೀಚರ್."

ನಾನು ಮಾತಾಡಲಿಲ್ಲ.

"ಆವಾಗ ಇದನ್ನ ಓದಿದ್ರೇನ್ರೀ?"

ಸುಳ್ಳು ಹೇಳಬಹುದಿತ್ತು. ಪೋರ್ಷನ್ನು, ಪರೀಕ್ಷೆ, ಒಂದು ತರಗತಿಗೆ ಎಪ್ಪತ್ತು ಮಕ್ಕಳು ಎಂದು ಕಾರಣವನ್ನೂ ಹೇಳಬಹುದಿತ್ತು. "ಇಲ್ಲಮ್ಮ, ಹತ್ತು ಪುಟ ಓದಿ ಬರೆದದ್ದು ಅದು" ಎಂದೆ.

"ಇರ್ಲಿ ಬಿಡ್ರೀ" ಎಂದಳು.

ಒಳಗಿನಿಂದ ಅವಳ ತಾಯಿ ಎರಡು ಲೋಟ ಚಹಾ ತಂದರು. ತಲೆ ಪೂರ್ತಿ ಬೆಳ್ಳಗಾಗಿದೆ. ನುಣ್ಣಗೆ ಎಣ್ಣೆ ಹಚ್ಚಿ ಬಾಚಿ ಗಂಟು ಹಾಕಿದ ಕೂದಲು. ನನ್ನ ಮುಂದೆ ಲೋಟ ಇಟ್ಟು "ಸಕ್ರಿ ಸಾಕಾಗ್ತದೇನ್ ನೋಡ್ರಿ" ಎಂದು ಹೇಳಿ ಮಗಳ ಕೈಯಲ್ಲಿದ್ದುದರ ಕಡೆ ನೋಡಿದರು.

"ಏನವ್ವ ಅದು ಪುಸ್ತಕ?"

ಮಗಳು ನೋಟ್‌ಬುಕ್ಕು ಮಡಚಿ ತೊಡೆಯ ಕೆಳಗೆ ಸರಿಸಿದಳು.

"ಸಾಲಿ ಲೆಕ್ಕದ ಪುಸ್ತಕ ಬೇ ಅವ್ವಾ. ಟೀಚರ್ರು ನೋಡಿ ಕೊಟ್ಟಾರ."